ಅಂಕಿತ ತರಲು ಹೋದವಳು

"ಗುರುಗಳೇ, ನನಗೆ ಅಂಕಿತ ಯಾವಾಗ ಕೊಡುತ್ತೀರಿ?" ಎಂದು ಪ್ರಾಣೇಶ ಕೇಳಿದ.

ಹಾಡಿನ ಕೊನೆಯ ಚರಣದಲ್ಲಿ ಕಟ್ಟಿದವನ ಗುರುತಾಗಿ ನಿಲ್ಲುವ ಹೆಸರೇ ಅಂಕಿತ. ಅದನ್ನು ಗುರುವೇ ಶಿಷ್ಯನ ಕಿವಿಯಲ್ಲಿ ಹೇಳಬೇಕು. ತಾನಾಗಿ ಇಟ್ಟುಕೊಳ್ಳುವಂತಿಲ್ಲ.

ಗುರುಗಳು ತಂಬೂರಿಯ ತಂತಿ ಬಿಗಿಯುತ್ತಿದ್ದರು. ತಲೆ ಎತ್ತದೆ, "ಅವಸರವೇನು?" ಎಂದರು.

"ಒಂಬತ್ತು ವರ್ಷವಾಯಿತು ನಿಮ್ಮ ಬಳಿ ಬಂದು. ನನಗೂ ಹಾಡು ಕಟ್ಟಬೇಕೆಂದಿದೆ. ಹೆಸರಿಲ್ಲದೆ ಕಟ್ಟಿದರೆ ಅದು ನನ್ನದೆಂದು ಯಾರಿಗೆ ಗೊತ್ತಾಗುತ್ತದೆ? ನಾಳೆ ಇನ್ನೊಬ್ಬ ತನ್ನ ಹೆಸರು ಅಂಟಿಸಿಕೊಂಡು ಹಾಡಿದರೆ ನಾನು ಯಾರ ಬಳಿ ಹೋಗಲಿ? ಅದಕ್ಕೇ ಇನ್ನೂ ಶುರು ಮಾಡಿಲ್ಲ."

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡು ಕಟ್ಟುವವನಿದ್ದ. ಅವನಿಗೆ ಒಬ್ಬ ಹೆಂಡತಿ, ಒಬ್ಬ ಮಗಳು. ಜನ ಈ ಕತೆ ಅವನದೆನ್ನುತ್ತಾರೆ. ಅನುಭವಿಸಿದ್ದು ಹೆಂಡತಿ.

ಅವನು ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಊರ ಮಕ್ಕಳಿಗೆ ಪಾಠ ಹೇಳಿ ಮನೆ ನಡೆಸುತ್ತಿದ್ದ. ಆದರೆ ಅವನನ್ನು ಒಂದು ಕೆಲಸಕ್ಕೆ ಕಳಿಸಿದರೆ ಆ ಕೆಲಸ ಒಂದು ಬಿಟ್ಟು ಉಳಿದುದೆಲ್ಲ ಆಗುತ್ತಿತ್ತು. ಹುಣಸೆಹಣ್ಣು ತರಲು ಹೋದವನು ಪಲ್ಲವಿ ತರುತ್ತಿದ್ದ. ಒಲೆಯ ಮೇಲಿನ ಹಾಲು ನೋಡಿಕೊಳ್ಳಿ ಎಂದರೆ ನೋಡಿಕೊಳ್ಳುತ್ತಿದ್ದ. ಅದು ಉಕ್ಕುವುದನ್ನೂ ನೋಡುತ್ತಿದ್ದ, ಚೆಲ್ಲುವುದನ್ನೂ ನೋಡುತ್ತಿದ್ದ. ಆಮೇಲೆ, ಆ ಚೆಲ್ಲಿದ ನಡೆ ಯಾವ ತಾಳಕ್ಕೆ ಕೂರುತ್ತದೆ ಎಂದು ಹೆಂಡತಿಯನ್ನೇ ಕೇಳುತ್ತಿದ್ದ.

"ನನ್ನ ಹಣೆಬರಹಕ್ಕೆ ಕೂರುತ್ತದೆ" ಎಂದು ಅವಳು ಒಲೆ ಒರೆಸುತ್ತಿದ್ದಳು.

ಅವನಿಗೆ ಬರೆದಿಡುವ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ಅವನಿಗೇ ನೆನಪಿರುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. "ಬೆಳಿಗ್ಗೆ ಒಂದು ಬಂದಿತ್ತಲ್ಲ, ಅದು ಎಲ್ಲಿಗೆ ಹೋಯಿತು?" ಎನ್ನುತ್ತಿದ್ದ.

"ಎಲ್ಲಿಗೂ ಹೋಗಿಲ್ಲ. ಮೊದಲು ಉಣ್ಣಿ."

ಉಂಡ ಮೇಲೆ ಅವಳು ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಅವನು ಮೊದಲ ಸಲ ಕೇಳುವವನಂತೆ ಕೇಳಿ, "ಚೆನ್ನಾಗಿದೆ, ಯಾರದು?" ಎನ್ನುತ್ತಿದ್ದ. ಅದು ತಮಾಷೆಯೋ ನಿಜವೋ ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹೀಗೆ ಹದಿನೈದು ವರ್ಷದಲ್ಲಿ ಅವನು ಕಟ್ಟಿದ ಮುನ್ನೂರು ಹಾಡು ಅವಳ ಬಳಿ ಸೇರಿದವು. ಅವನ ಬಳಿ ಒಂದೂ ಇರಲಿಲ್ಲ.

ಆ ಮುನ್ನೂರು ಹಾಡಿಗೂ ಒಂದು ಕೊರತೆಯಿತ್ತು. ಅವನ ಗುರುಗಳು ಅವನಿಗೆ ಅಂಕಿತ ಕೊಟ್ಟಿರಲಿಲ್ಲ. ಕೊನೆಯ ಚರಣದಲ್ಲಿ ಹೆಸರು ಬರಬೇಕಾದ ಕಡೆ ಅವನು ಬಾಯಿ ಮುಚ್ಚಿ, ತೊಡೆಯ ಮೇಲೆ ತಾಳವನ್ನು ಮಾತ್ರ ಹಾಕುತ್ತಿದ್ದ. ಒಂದು ಸುತ್ತು ತಾಳ ಮುಗಿದ ಮೇಲೆ ಪಲ್ಲವಿಗೆ ಬರುತ್ತಿದ್ದ. ಪಾಠಕ್ಕೆ ಬರುವ ಮಕ್ಕಳು ಈ ಹಾಡುಗಳನ್ನು ಅವಳಿಂದ ಕಲಿತು ಊರೂರಿಗೆ ಒಯ್ಯುತ್ತಿದ್ದರು. ಅವರಿಗೆ ಇಡೀ ಹಾಡಿನಲ್ಲಿ ಅದೊಂದು ಕಡೆಯೇ ಸುಲಭ. ಅಲ್ಲಿ ಯಾರೂ ತಪ್ಪುತ್ತಿರಲಿಲ್ಲ.

ಒಮ್ಮೆ ಹೆಂಡತಿ ನೆಂಟರ ಮದುವೆಗೆಂದು ಪಕ್ಕದ ಊರಿಗೆ ಹೋದಳು. ಮಗಳನ್ನೂ ಕರೆದುಕೊಂಡು ಹೋದಳು. ಗಂಡ ಬರಲಿಲ್ಲ. ಮದುವೆಗೆ ಕರೆದುಕೊಂಡು ಹೋದರೆ ಅವನು ಓಲಗದವರ ಪಕ್ಕ ಕುಳಿತು ಊಟ ಮರೆಯುತ್ತಾನೆ. ಮರೆಯುವುದಿದ್ದರೆ ಮನೆಯಲ್ಲೇ ಮರೆಯಲಿ ಎಂದು ಅವಳೇ ಬಿಟ್ಟುಬಂದಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ಹಾಡುಗಾರಿಕೆ. ದೊಡ್ಡ ಹೆಸರಿನ ವಿದ್ವಾಂಸನೊಬ್ಬನನ್ನು ಕರೆಸಿದ್ದರು. ಅವನಿಗೆ ಒಳ್ಳೆಯ ಕಂಠವಿತ್ತು, ಅದಕ್ಕಿಂತ ಒಳ್ಳೆಯ ಶಾಲಿತ್ತು. ನಾಲ್ಕನೆಯ ಹಾಡು ಎತ್ತಿಕೊಂಡ.

ಸೇರು ಕಂಡೆಯಾ ಎಂದರೆ ಕಂಡಿಲ್ಲವೆಂದ
ಮೊಣಕೈ ತನಕ ಹಿಟ್ಟು ಬಳಿದ ಕೂಸು

ಹೆಂಡತಿಯ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಆ ಕೂಸು ಅವಳ ಮಗಳು. ಮೂರು ವರ್ಷದವಳಿದ್ದಾಗ ಅಕ್ಕಿ ಅಳೆಯುವ ಸೇರನ್ನು ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟು, ಬಿಳಿ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಒಂದು ಏಟು ಕೊಟ್ಟದ್ದು ತಾಯಿ. ಅದನ್ನು ಕೃಷ್ಣನ ಮೇಲಿನ ಹಾಡಾಗಿ ಕಟ್ಟಿದ್ದು ಅಪ್ಪ.

ಕೊನೆಯ ಚರಣ ಬಂತು. ವಿದ್ವಾಂಸ ನಿಲ್ಲಲಿಲ್ಲ. ಆ ಜಾಗದಲ್ಲಿ ತನ್ನ ಅಂಕಿತವನ್ನು ಇಟ್ಟು, ಒಂದು ಸಲ ಸಾಲದೆಂದು ಮೂರು ಸಲ ಹಾಡಿ ಮುಗಿಸಿದ. ಜನ ತಲೆದೂಗಿದರು.

ಅವಳು ಹೆಂಗಸರ ನಡುವಿನಿಂದ ಎದ್ದು ನಿಂತಳು. "ಈ ಹಾಡು ನಿಮ್ಮದಲ್ಲ" ಎಂದಳು.

ವಿದ್ವಾಂಸ ಒರಟನಾಗಿರಲಿಲ್ಲ. "ಹಾಗಾದರೆ ಯಾರದಮ್ಮ?" ಎಂದ.

"ನಮ್ಮ ಮನೆಯವರದು."

"ನಿಮ್ಮ ಮನೆಯವರು ಎಂದರೆ ಯಾರು? ಹೆಸರು ಹೇಳು."

ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ಆ ಕಾಲದಲ್ಲಿ ಇರಲಿಲ್ಲ. ಕತ್ತಿಯನ್ನು ಕತ್ತಿನ ಮೇಲಿಟ್ಟರೂ ಹೇಳುತ್ತಿರಲಿಲ್ಲ. ಅವಳು ಮಗಳ ಭುಜ ಹಿಡಿದು, "ಇವಳ ಅಪ್ಪನದು" ಎಂದಳು.

ಹಿಂದಿನಿಂದ ಯಾರೋ, "ಪುಣ್ಯ, ಅಷ್ಟಾದರೂ ಗೊತ್ತಿದೆಯಲ್ಲ" ಎಂದರು. ಚಪ್ಪರವೆಲ್ಲ ನಕ್ಕಿತು. ಮಗಳಿಗೆ ಎಂಟು ವರ್ಷ. ಅವಳೂ ಏನೆಂದು ತಿಳಿಯದೆ ನಕ್ಕಳು.

ವಿದ್ವಾಂಸ ನಗಲಿಲ್ಲ. "ನೋಡು ತಾಯಿ, ಈ ಹಾಡು ನನಗೆ ಹೀಗೇ ಸಿಕ್ಕಿತು. ಹೆಸರಿನ ಜಾಗ ಖಾಲಿ ಇತ್ತು. ದೇವರ ಮೇಲಿನ ಹಾಡನ್ನು ಅರ್ಧಕ್ಕೆ ಬಿಟ್ಟು ಏಳಬಾರದು, ಹಾಡಿದವರಿಗೂ ಒಳ್ಳೆಯದಲ್ಲ, ಕೇಳಿದವರಿಗೂ ಒಳ್ಳೆಯದಲ್ಲ. ಅದಕ್ಕೆ ತುಂಬಿಸಿದೆ. ನಿನ್ನ ಯಜಮಾನರಿಗೆ ಬೇಕಾಗಿದ್ದರೆ ಅವರೇ ತುಂಬಿಸುತ್ತಿದ್ದರಲ್ಲ?" ಎಂದ.

ಅವಳು ತಾಂಬೂಲ ತೆಗೆದುಕೊಳ್ಳದೆ ಮಗಳ ಕೈ ಹಿಡಿದು ಹೊರಟಳು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ನಡೆಯದ್ದನ್ನೂ ಎರಡು ಮಾತು ಸೇರಿಸಿದಳು.

ಅವನು ಕೇಳಿ, "ಚೆನ್ನಾಗಿ ಹಾಡಿದರೇ?" ಎಂದ.

"ನಿಮಗಿಂತ ಚೆನ್ನಾಗಿ ಹಾಡಿದರು. ಹೆಸರು ಹಾಕಲು ಅವರಿಗೆ ಭಯವಿಲ್ಲ. ನೀವೇಕೆ ಹಾಕುವುದಿಲ್ಲ?"

"ಗುರುಗಳು ಕೊಟ್ಟಿಲ್ಲ."

"ಹೋಗಿ ಕೇಳಿ."

"ಕೇಳಿ ತರಲು ಅದೇನು ಹೆಪ್ಪಿಗೆ ಮಜ್ಜಿಗೆಯೇ? ಯೋಗ್ಯತೆ ಇದ್ದರೆ ಅವರೇ ಕರೆದು ಕೊಡುತ್ತಾರೆ."

"ಹಾಗಾದರೆ ನೀವೇ ಒಂದು ಇಟ್ಟುಕೊಳ್ಳಿ."

"ತೊಟ್ಟಿಲಲ್ಲಿ ಮಲಗಿದ ಕೂಸು ತನಗೆ ತಾನೇ ಹೆಸರಿಟ್ಟುಕೊಳ್ಳುತ್ತದೆಯೇ?" ಎಂದು ಅವನು ನಕ್ಕ.

ಆ ನಗು ಅವಳಿಗೆ ಚಪ್ಪರದ ನಗುವಿನ ಹಾಗೆ ಕೇಳಿಸಿತು. "ನೀವು ಕಟ್ಟುವವರಲ್ಲ, ದರ್ಜಿ. ಅಳತೆ ಇಲ್ಲದೆ ಅಂಗಿ ಹೊಲಿದು ಬೀದಿಯಲ್ಲಿ ನೇತುಹಾಕುತ್ತೀರಿ. ಹೋಗಿ ಬರುವವರು ಹಾಕಿಕೊಂಡು ಹೋಗುತ್ತಾರೆ. ನಾನೂ ನನ್ನ ಮಗಳೂ ಹೊಸಿಲಲ್ಲಿ ನಿಂತು ನೋಡುತ್ತೇವೆ" ಎಂದಳು.

ಅವನು ಎದ್ದು ಹೋಗಿ ಕೈಕಾಲು ತೊಳೆದುಕೊಂಡ.

ಮರುದಿನ ಅವನು ಹಾಡು ಕಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಮಕ್ಕಳಿಗೆ ಪಾಠ ಹೇಳುತ್ತಿದ್ದ, ಕರೆದಾಗ ಬಂದು ಉಣ್ಣುತ್ತಿದ್ದ, ಮುಗಿದ ಮೇಲೆ ತಟ್ಟೆ ಎತ್ತುತ್ತಿದ್ದ. ಹಾಲು ನೋಡಿಕೊಳ್ಳಿ ಎಂದರೆ ಉಕ್ಕುವ ಮೊದಲೇ ಇಳಿಸುತ್ತಿದ್ದ. ಒಂದು ತಿಂಗಳು ಹೀಗೇ ಹೋಯಿತು. ಒಂದು ದಿನ ಹುಣಸೆಹಣ್ಣು ತರಲು ಹೋದವನು ಹುಣಸೆಹಣ್ಣನ್ನೇ ತಂದ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹದಿನೈದು ವರ್ಷ ಅವಳು ಬೇಡಿಕೊಂಡದ್ದು ಇಂಥ ಗಂಡನನ್ನೇ. ಈಗ ಮನೆಯೊಳಗೆ ಅವನು ಓಡಾಡುತ್ತಿದ್ದರೆ ಯಾರೋ ನೆಂಟರು ಬಂದು ಉಳಿದುಕೊಂಡ ಹಾಗಿತ್ತು. ಪಾತ್ರೆ ತೊಳೆಯುವಾಗ ಬೇಕೆಂದೇ ಹಳೆಯ ಹಾಡು ಹಾಡಿದಳು. ಅವನು, "ಚೆನ್ನಾಗಿದೆ, ಯಾರದು?" ಎನ್ನಲಿಲ್ಲ. ಎದ್ದು ಹಿತ್ತಿಲಿಗೆ ಹೋದ. ಆ ವಿದ್ವಾಂಸ ಒಂದು ಹಾಡನ್ನು ತೆಗೆದುಕೊಂಡು ಹೋದ. ಇನ್ನು ಬರಬೇಕಾದ ಹಾಡುಗಳನ್ನೆಲ್ಲ ತಾನೇ ಬಾಯಿಮಾಡಿ ಓಡಿಸಿದೆ ಎಂದು ಅವಳಿಗೆ ತಿಳಿಯಿತು.

ಅವಳು ಅವನಿಗೆ ತವರಿಗೆ ಹೋಗಿ ಬರುತ್ತೇನೆಂದಳು. ಮಗಳನ್ನು ಪಕ್ಕದ ಮನೆಯವರ ಬಳಿ ಬಿಟ್ಟಳು. ರೊಟ್ಟಿ ಕಟ್ಟಿಕೊಂಡು ಗಂಡನ ಗುರುಗಳಿದ್ದ ಮಠಕ್ಕೆ ನಡೆದಳು. ಎರಡು ದಿನದ ದಾರಿ.

ಮೂರನೆಯ ದಿನ ಬೆಳಿಗ್ಗೆ ಮಠ ಮುಟ್ಟಿದಾಗ ಒಳಗೆ ಪೂಜೆ ನಡೆಯುತ್ತಿತ್ತು. ಶಿಷ್ಯರು ಸಾಲಾಗಿ ಕುಳಿತು ಹಾಡುತ್ತಿದ್ದರು. ಅವಳು ಕಂಬದ ಬಳಿ ನಿಂತಳು. ಹಾಡುತ್ತಿದ್ದುದು ಸೇರು ಬಚ್ಚಿಟ್ಟ ಕೂಸಿನ ಹಾಡು. ಇಲ್ಲಿ ಯಾರ ಹೆಸರು ಸೇರಿದೆಯೋ ನೋಡೋಣವೆಂದು ಅವಳು ಸೆರಗು ಬಿಗಿದುಕೊಂಡಳು. ಕೊನೆಯ ಚರಣ ಬಂತು. ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿದರು. ತಾಳದ ಸದ್ದು ಮಾತ್ರ ಕೇಳಿಸಿತು. ವೃದ್ಧ ಗುರುಗಳು ಕಣ್ಣು ಮುಚ್ಚಿ ಆ ಒಂದು ಸುತ್ತಿನಷ್ಟು ಹೊತ್ತೂ ಕೈ ಮುಗಿದಿದ್ದರು. ಆಮೇಲೆ ಪಲ್ಲವಿ ಬಂತು.

ಮಂಗಳಾರತಿ ಆದ ಮೇಲೆ ಅವಳು ಗುರುಗಳ ಎದುರು ನಿಂತಳು. "ಈಗ ಹಾಡಿದಿರಲ್ಲ, ಆ ಕೂಸು ನನ್ನದು" ಎಂದಳು.

ಗುರುಗಳು ಹೆಸರು ಕೇಳಲಿಲ್ಲ. "ಹೇಗಿದ್ದಾನೆ?" ಎಂದರು.

"ಹಾಡು ಬಿಟ್ಟಿದ್ದಾರೆ."

ನಡೆದದ್ದನ್ನು ಹೇಳಿದಳು. ಈ ಸಲ ಏನೂ ಸೇರಿಸಲಿಲ್ಲ. ಕೊನೆಗೆ, "ಇಷ್ಟು ವರ್ಷ ನೀವೇಕೆ ಅವರಿಗೆ ಅಂಕಿತ ಕೊಡಲಿಲ್ಲ?" ಎಂದಳು.

ಗುರುಗಳು ಹೇಳಿದರು: "ಅವನ ಮೊದಲ ಹಾಡು ಇಲ್ಲಿಗೆ ಬಂದಾಗಲೇ ಆ ಜಾಗದಲ್ಲಿ ಮೌನವಿತ್ತು. ಆಮೇಲೆ ಬಂದ ಎಲ್ಲದರಲ್ಲೂ ಇತ್ತು. ಅದೇ ಅವನು ಆರಿಸಿಕೊಂಡ ಅಂಕಿತ ಎಂದು ತಿಳಿದೆ. ನನಗೆ ಕೊಡಲು ಅದಕ್ಕಿಂತ ದೊಡ್ಡದು ತೋಚಲಿಲ್ಲ. ಬೇಕೆಂದಿದ್ದರೆ ಬಂದು ಕೇಳಬಾರದಿತ್ತೇ?"

"ನೀವು ಕೊಡಲಿ ಎಂದು ಅವರು ಅಲ್ಲಿ ಕುಳಿತಿದ್ದಾರೆ. ಅವರು ಕೇಳಲಿ ಎಂದು ನೀವು ಇಲ್ಲಿ ಕುಳಿತಿದ್ದೀರಿ. ಇಬ್ಬರೂ ದೊಡ್ಡವರು. ನಡುವೆ ಕಾಲು ನೋಯಿಸಿಕೊಂಡವಳು ನಾನು."

ಶಿಷ್ಯರು ಬೆಚ್ಚಿ ನೋಡಿದರು. ಗುರುಗಳು ಮಾತ್ರ, "ನೀನು ಹೇಳಿದ್ದು ಸರಿ ತಾಯಿ. ಅವನನ್ನು ಕಳಿಸು, ಕೊಡುತ್ತೇನೆ" ಎಂದರು.

"ಅವರನ್ನು ಕಳಿಸಿದರೆ ದಾರಿಯಲ್ಲಿ ಯಾವ ಹಳ್ಳದ ಹತ್ತಿರ ನಿಲ್ಲುತ್ತಾರೋ ನನಗೆ ಗೊತ್ತಿಲ್ಲ. ನನ್ನ ಬಳಿಯೇ ಕೊಟ್ಟುಬಿಡಿ."

ಹಾಗೆ ಕೊಡುವ ರೂಢಿ ಎಲ್ಲಿಯೂ ಇರಲಿಲ್ಲ. ಗುರುಗಳು ಅವಳನ್ನು ಹತ್ತಿರ ಕರೆದು, ಶಲ್ಯವನ್ನು ಅಡ್ಡ ಹಿಡಿದು, ಅವಳ ಕಿವಿಯಲ್ಲಿ ಹೆಸರು ಹೇಳಿದರು.

ಎರಡು ದಿನ ಅವಳು ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದಳು. ದಾರಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಅವಳನ್ನು ಬಲ್ಲವರು ಯಾರಾದರೂ ಕಂಡಿದ್ದರೆ ಮೈಗೆ ಹುಷಾರಿಲ್ಲವೆಂದುಕೊಳ್ಳುತ್ತಿದ್ದರು. ಊರು ಕಾಣಿಸಿದಾಗ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಇದು ಇನ್ನು ಅವರ ಹೆಸರು. ಅವರ ಹೆಸರನ್ನು ನಾನು ಹೇಗೆ ಹೇಳಲಿ? ಸ್ವಲ್ಪ ದೂರ ನಡೆದ ಮೇಲೆ ಅವಳೇ ಪರಿಹಾರ ಕಂಡುಕೊಂಡಳು. ಹೇಳುವವರೆಗೆ ಅದು ಅವರದಲ್ಲ. ಹೇಳಿದ ಮೇಲೆ ಅವರದು. ಹಾಗಾದರೆ ಒಂದು ಸಲ ಹೇಳಬಹುದು.

ಗಂಡ ಹಿತ್ತಿಲಿನಲ್ಲಿ ಸೌದೆ ಒಡೆಯುತ್ತಿದ್ದ. "ತವರಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ?" ಎಂದ.

"ಕೊಡಲಿ ಕೆಳಗಿಡಿ. ತಲೆ ಬಗ್ಗಿಸಿ."

ಅವನು ಬಗ್ಗಿಸಿದ. ಅವಳು ಅವನ ಕಿವಿಗೆ ಬಾಯಿಟ್ಟು ಒಂದು ಸಲ ಹೇಳಿದಳು. ಎಲ್ಲಿಗೆ ಹೋಗಿದ್ದಳೆಂದು ಅವನು ಕೇಳಲಿಲ್ಲ. ಆ ಹೆಸರನ್ನು ಕೊಡಬಲ್ಲವರು ಒಬ್ಬರೇ ಎಂದು ಅವನಿಗೆ ಗೊತ್ತಿತ್ತು. ಅವಳ ಕಾಲು ನೋಡಿದ. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅವನು ಒಳಗೆ ಹೋಗಿ ಒಂದು ಚೊಂಬು ಬಿಸಿನೀರು ತಂದು ಅವಳ ಕಾಲ ಮೇಲೆ ಹೊಯ್ದ. ಹೊಯ್ಯುತ್ತ ಹೊಯ್ಯುತ್ತ ಚೊಂಬು ಪಕ್ಕಕ್ಕೆ ಸರಿಯಿತು. ತುಟಿ ಅಲುಗಾಡಿತು.

"ಏನು?" ಎಂದಳು.

"ಈ ನೀರು ಬೀಳುವ ನಡೆ" ಎಂದ.

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನೀರು ಎಲ್ಲಿ ಬೀಳುತ್ತಿದೆ ಎಂದು ನೋಡಲಿಲ್ಲ.

ಆಮೇಲೆ ಅವರಿಬ್ಬರೂ ಹಳೆಯ ಹಾಡುಗಳನ್ನು ಒಂದೊಂದಾಗಿ ಎತ್ತಿಕೊಂಡು ಕುಳಿತರು. ಹಾಡುಗಳು ಇದ್ದುದು ಅವಳ ಬಳಿ. ಅವಳು ಹಾಡಬೇಕು, ಅವನು ಹೆಸರು ಸೇರಿಸಬೇಕು. ಮೊದಲ ಹಾಡಿನ ಕೊನೆಯ ಚರಣಕ್ಕೆ ಬಂದಾಗ ಅವಳು ನಿಂತಳು. ಈಗ ಅದು ಗಂಡನ ಹೆಸರು. ಅವಳ ನಾಲಿಗೆಯ ಮೇಲೆ ಬರುವಂತಿಲ್ಲ. ಅವನು ಆ ಒಂದು ಸುತ್ತನ್ನು ತಾನು ಹಾಡಿದ. ಅವಳು ಪಲ್ಲವಿ ಹಿಡಿದಳು. ಮುನ್ನೂರು ಹಾಡಿಗೂ ಹೀಗೇ ಆಯಿತು. ಹಾಡು ಅವಳ ದನಿಯಲ್ಲಿ, ಹೆಸರು ಅವನ ದನಿಯಲ್ಲಿ. ಹೊಸ ಹಾಡುಗಳಿಗೂ ಅದೇ ರೂಢಿಯಾಯಿತು. ಹೆಸರು ತರಲು ನಡೆದುಹೋದವಳೇ ಆ ಮನೆಯಲ್ಲಿ ಅದನ್ನು ಹಾಡಲಾರದವಳಾದಳು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಮದುವೆಯಾದ ಮೇಲೆ ಅವನು ಸರಿಯಾದ ಹೊತ್ತಿಗೆ ಸರಿಯಾದ ಕಡೆ ಬಂದು ನಿಲ್ಲುತ್ತಿದ್ದುದು ಅದೊಂದು ಜಾಗದಲ್ಲಿ ಎನ್ನುತ್ತಿದ್ದಳು.

ಹನ್ನೆರಡು ವರ್ಷದ ಮೇಲೆ ಅವನು ತೀರಿಕೊಂಡ.

ಒಂದು ವರ್ಷ ಅವಳು ಹಾಡಲಿಲ್ಲ. ಆಮೇಲೆ ಮಗಳು ಬಸುರಿಯಾಗಿ ತವರಿಗೆ ಬಂದಳು. ಹೆರಿಗೆಯಾಯಿತು. ಕೂಸಿಗೆ ನೀರು ಹಾಕುವಾಗ ಅವಳ ಬಾಯಿಗೆ ತಾನಾಗಿ ಸೇರಿನ ಹಾಡು ಬಂತು. ಮಗಳೂ ದನಿ ಸೇರಿಸಿದಳು. ಕೊನೆಯ ಚರಣಕ್ಕೆ ಬಂದಾಗ ತಾಯಿ ನಿಂತಳು. ಮಗಳಿಗೆ ಹೆಸರು ಗೊತ್ತಿತ್ತು, ಹಾಡಲು ಅಡ್ಡಿಯೂ ಇರಲಿಲ್ಲ. ಅವಳು ಬಾಯಿ ತೆರೆದಳು.

ತಾಯಿ ಅವಳ ಮೊಣಕೈ ಮೇಲೆ ಒದ್ದೆ ಕೈಯಿಟ್ಟು, "ಅಲ್ಲಿ ನಿಲ್ಲು. ಅದು ನಿಮ್ಮ ಅಪ್ಪ ಹಾಡುವ ಕಡೆ" ಎಂದಳು.

ಇಬ್ಬರೂ ಆ ಸುತ್ತು ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಪಲ್ಲವಿ ಹಾಡಿದರು.

ತಾಯಿಯಿಂದ ಕಲಿತವರು ಹಾಗೇ ಹಾಡಿದರು. ಮಗಳಿಂದ ಕಲಿತವರೂ ಹಾಗೇ ಹಾಡಿದರು. ಮಗಳ ಗಂಡನ ಊರಿನ ಹೆಂಗಸರು ಹಾಗೇ ಹಾಡಿದರು. ಅವರ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಊರುಗಳಲ್ಲೂ ಹಾಗೇ ಹಾಡಿದರು. ದೊಡ್ಡ ಹೆಸರಿನ ವಿದ್ವಾಂಸ ತನ್ನ ಊರಿನಲ್ಲಿ ತನ್ನ ಹೆಸರಿಟ್ಟೇ ಹಾಡಿದ. ಅವನಿಗೆ ಗೊತ್ತಿದ್ದುದು ಒಂದು ಹಾಡು. ಅವನು ಹೋದ ಮೇಲೆ ಅದೂ ನಿಂತಿತು. ಬಹಳ ಕಾಲದ ಮೇಲೆ ಯಾವನೋ ಹೊಸ ಹಾಡುಗಾರ ಆ ಹೆಣ್ಣುಮಕ್ಕಳ ಊರೊಂದರಲ್ಲಿ ಅದೇ ಹಾಡಿಗೆ ತನ್ನ ಹೆಸರು ಸೇರಿಸಲು ಹೋದ. ಕೇಳುತ್ತ ಕುಳಿತಿದ್ದ ಮುದುಕಿಯೊಬ್ಬಳು, "ಅಲ್ಲಿ ನಿಲ್ಲಪ್ಪ, ಅದು ನಿನ್ನ ಜಾಗವಲ್ಲ" ಎಂದಳು. ಯಾರ ಜಾಗವೆಂದು ಅವನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಆದರೂ ಅವನು ಅಲ್ಲಿ ನಿಂತ.

ಇಷ್ಟು ಹೇಳಿ ಗುರುಗಳು ಮತ್ತೆ ತಂಬೂರಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಪ್ರಾಣೇಶನ ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಂಡು ಅವನು ಕೇಳಿದ: "ಗುರುಗಳೇ, ಅವಳು ತಂದ ಹೆಸರು ಯಾವುದು? ನಿಮಗೆ ಗೊತ್ತಿದ್ದರೆ ಹೇಳಿ."

ಗುರುಗಳು ತಂತಿ ಮೀಟಿ, ಅದರ ನಾದ ಅಡಗುವವರೆಗೆ ಕಾದು, ಹೇಳಿದರು:

"ನೀನು ಹೆಸರು ಹೇಳಿ ಎಂದೆ, ಪ್ರಾಣೇಶ, ಹಾಡು ಹೇಳಿಕೊಡಿ ಎನ್ನಲಿಲ್ಲ."